ಚೆರ್ನೋಬಿಲ್‌ನ ಕಮಾನಿಗೆ ತೂತು ಬಿದ್ದರೆ ಯಾಕೆ ಚಿಂತೆ?

2025ರ ಫೆಬ್ರವರಿ 14ರ ನಸುಕಿನಲ್ಲಿ, ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ರಿಯಾಕ್ಟರನ್ನು ಮುಚ್ಚಿರುವ ದೊಡ್ಡ ಉಕ್ಕಿನ ಕಮಾನಿಗೆ ಒಂದು ಡ್ರೋನ್ ಬಂದು ಬಡಿಯಿತು. ಅದು ರಷ್ಯಾದ್ದು ಎಂದು ಉಕ್ರೇನ್ ಹೇಳಿತು. ನಮ್ಮದಲ್ಲ ಎಂದು ರಷ್ಯಾ ಹೇಳಿತು. ವಿಕಿರಣದ ಮಟ್ಟ ಏರಿಲ್ಲ ಎಂದು ಆ ದಿನದ ಸುದ್ದಿಗಳೆಲ್ಲ ಹೇಳಿದವು. ಅದು ನಿಜವೇ. ಅದೇ ವರ್ಷದ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತಾನು ನಡೆಸಿದ ತಪಾಸಣೆಯ ಫಲಿತಾಂಶ ಹೇಳಿತು. ಕಮಾನು ತನ್ನ ಮುಖ್ಯ ಸುರಕ್ಷತಾ ಕೆಲಸಗಳನ್ನು ಮಾಡುವ ಸ್ಥಿತಿಯಲ್ಲಿ ಈಗ ಇಲ್ಲ. ಅದೂ ನಿಜವೇ.

ವಿಕಿರಣ ಏರಿಲ್ಲ, ಆದರೂ ಸುರಕ್ಷತೆ ಹೋಗಿದೆ ಅಂದರೆ ಹೇಗೆ? ಕೇಳಿದವರಿಗೆ ಗೊಂದಲ ಆಗುವುದು ಸಹಜ. ತುಂಬ ಜನ ಈ ಕಮಾನನ್ನು ವಿಕಿರಣ ತಡೆಯುವ ದಪ್ಪ ಗೋಡೆ ಅಂದುಕೊಂಡಿದ್ದಾರೆ. ಗೋಡೆಗೆ ತೂತು ಬಿದ್ದರೆ ಒಳಗಿನದು ಕೂಡಲೇ ಹೊರಗೆ ಸುರಿಯಬೇಕು, ಸುರಿಯಲಿಲ್ಲ ಅಂದರೆ ಎಲ್ಲ ಸರಿ ಇದೆ ಅನ್ನುವ ಲೆಕ್ಕ ಅದು. ಆದರೆ ಈ ಕಮಾನು ಹಗಲೂ ರಾತ್ರಿ ಓಡುತ್ತಿರಬೇಕಾದ ಒಂದು ಯಂತ್ರ. ಅದರ ಕೆಲಸ ನಡೆಯುವುದು ಗಾಳಿ, ತೇವ ಮತ್ತು ಧೂಳಿನ ಮೇಲೆ. ಅದನ್ನು ಹಾಗೆ ನೋಡಿದರೆ ಮಾತ್ರ ಈ ಎರಡು ಸುದ್ದಿಗಳೂ ಒಟ್ಟಿಗೆ ಹೊಂದುತ್ತವೆ.

ಒಳಗೆ ಉಳಿದಿರುವುದು ಏನು?

1986ರ ಏಪ್ರಿಲ್ 26, ರಾತ್ರಿ 1 ಗಂಟೆ 23 ನಿಮಿಷ. ಒಂದು ಪರೀಕ್ಷೆ ನಡೆಸುತ್ತಿದ್ದಾಗ ನಾಲ್ಕನೇ ಘಟಕ ಹತೋಟಿ ತಪ್ಪಿ ಸ್ಫೋಟಿಸಿತು. ರಿಯಾಕ್ಟರಿನ ಮೇಲೆ ಮುಚ್ಚಳದಂತೆ ಕೂತಿದ್ದ ಸುಮಾರು 2,000 ಟನ್ ತೂಕದ ಫಲಕ ಎಗರಿ, ಹೆಚ್ಚೂಕಡಿಮೆ ನೆಟ್ಟಗೆ ನಿಂತುಕೊಂಡಿತು. ಅಲ್ಲಿನವರು ಅದನ್ನು ಎಲೆನಾ ಎಂದು ಕರೆಯುತ್ತಾರೆ. ಅದು ಇವತ್ತಿಗೂ ಹಾಗೇ ವಾಲಿಕೊಂಡು ನಿಂತಿದೆ. ಬಿದ್ದರೆ ಏನು ಗತಿ ಅನ್ನುವುದು ಅಲ್ಲಿನ ಎಂಜಿನಿಯರುಗಳ ಹಳೆಯ ಚಿಂತೆ.

ರಿಯಾಕ್ಟರಿನಲ್ಲಿ ಆಗ ಸುಮಾರು 190 ಟನ್ ಯುರೇನಿಯಂ ಇತ್ತು. ಅದೆಲ್ಲ ಆಕಾಶಕ್ಕೆ ಹಾರಿ ಯುರೋಪಿನ ಮೇಲೆ ಬಿತ್ತು ಅಂದುಕೊಂಡವರಿದ್ದಾರೆ. ಹಾಗಾಗಲಿಲ್ಲ. ಅಯೋಡಿನ್, ಸೀಸಿಯಂ ಥರದ ಬೇಗ ಆವಿಯಾಗುವ ವಸ್ತುಗಳು ಹೊರಗೆ ಹೋದವು. ಆದರೆ ಇಂಧನದ ಸುಮಾರು ಶೇ 95 ಭಾಗ ಆ ಮುರುಕು ಕಟ್ಟಡದೊಳಗೇ ಉಳಿಯಿತು. ಕರಗಿದ ಇಂಧನ, ಅದರ ಲೋಹದ ಹೊದಿಕೆ, ಮರಳು, ಕಾಂಕ್ರೀಟ್ ಎಲ್ಲ ಬೆರೆತು ಲಾವಾ ಆಯಿತು. ಅದು ಕೆಳಗಿನ ಕೋಣೆಗಳಿಗೂ ಪೈಪುಗಳಿಗೂ ಇಳಿದು ಅಲ್ಲೇ ಗಟ್ಟಿಯಾಯಿತು. 1986ರ ಡಿಸೆಂಬರಿನಲ್ಲಿ ಸಿಕ್ಕ ಒಂದು ಕಪ್ಪು ಗಡ್ಡೆಗೆ ‘ಆನೆಯ ಕಾಲು’ ಎಂದು ಹೆಸರು ಬಿತ್ತು. ಆಗ ಅದು ಎಷ್ಟು ಗಟ್ಟಿಯಿತ್ತೆಂದರೆ, ಪರೀಕ್ಷೆಗೆ ಒಂದು ಚೂರು ಕೀಳಲು ಕಲಾಶ್ನಿಕೋವ್ ಬಂದೂಕಿನಿಂದ ಗುಂಡು ಹೊಡೆದರು.

ಈಗ ಅಷ್ಟು ಗಟ್ಟಿಯಿಲ್ಲ. ಒಳಗಿನ ವಿಕಿರಣದ ಹೊಡೆತ, ತೇವ, ಚಳಿಗಾಲ ಬೇಸಿಗೆಗಳ ಏರುಪೇರು ಎಲ್ಲ ಸೇರಿ ಆ ಲಾವಾ ಬಿರುಕು ಬಿಡುತ್ತಿದೆ. ಮೇಲ್ಪದರ ಉದುರಿ ಪುಡಿಯಾಗುತ್ತಿದೆ. ಸ್ಫೋಟದ ದಿನದ ಧೂಳು ಅಲ್ಲೇ ಟನ್‌ಗಟ್ಟಲೆ ಇತ್ತು, ಅದರ ಮೇಲೆ ಇದೂ ಸೇರುತ್ತಿದೆ.

ಕಾವಲು ಬೇಕಾಗಿರುವುದು ಮುಖ್ಯವಾಗಿ ಈ ಪುಡಿಗೆ. ಲಾವಾದಿಂದ ಹೊರಡುವ ಗಾಮಾ ಕಿರಣ ಬಹುಪಾಲು ಒಳಗಿನ ಕಾಂಕ್ರೀಟಿನಲ್ಲೇ ಕುಂದುತ್ತದೆ. ಉಳಿದದ್ದಕ್ಕೆ ದೂರವೇ ರಕ್ಷಣೆ. ಕಮಾನಿನ ತೆಳು ತಗಡು ಅದನ್ನು ತಡೆಯುವುದು ಅಷ್ಟಕ್ಕಷ್ಟೇ. ಪುಡಿಯ ಕತೆ ಬೇರೆ. ಅದು ಗಾಳಿಯಲ್ಲಿ ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂರುತ್ತದೆ. ಅದರಲ್ಲಿ ಪ್ಲುಟೋನಿಯಂ, ಅಮೆರಿಸಿಯಂ ಇರುತ್ತವೆ. ಇವು ಬಿಡುವ ಆಲ್ಫಾ ಕಣಗಳನ್ನು ಹೊರಗಡೆ ಒಂದು ಹಾಳೆ ಕಾಗದವೂ ತಡೆಯುತ್ತದೆ. ಮೈಯೊಳಗೆ ಹೋದರೆ ಮಾತ್ರ ಅವೇ ತುಂಬ ಅಪಾಯ.

ಕಾಲ ಕಳೆದ ಹಾಗೆ ಎಲ್ಲ ತಣ್ಣಗಾಗುತ್ತದೆ ಅನ್ನುವುದು ಅರ್ಧ ಸತ್ಯ. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. 1986ರಲ್ಲಿ ಇದ್ದದ್ದರಲ್ಲಿ ಈಗ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಆದರೆ ಪ್ಲುಟೋನಿಯಂ-241 ಕ್ಷಯಿಸುತ್ತಾ ಅಮೆರಿಸಿಯಂ-241 ಆಗುತ್ತದೆ. ಮೊದಲನೆಯದರ ಅರ್ಧಾಯುಷ್ಯ 14 ವರ್ಷ, ಎರಡನೆಯದರದ್ದು 432 ವರ್ಷ. ಹಾಗಾಗಿ ಒಳಗಿನ ಅಮೆರಿಸಿಯಂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ, ಇನ್ನೂ ಕೆಲವು ದಶಕ ಹೆಚ್ಚುತ್ತಲೇ ಇರುತ್ತದೆ. ಧೂಳನ್ನು ಹಿಡಿದಿಡುವ ಕೆಲಸ 1986ರಲ್ಲಿ ಎಷ್ಟು ಮುಖ್ಯವಾಗಿತ್ತೋ ಈಗಲೂ ಅಷ್ಟೇ ಮುಖ್ಯ ಅನ್ನುವುದು ಈ ಕಾರಣಕ್ಕೆ.

ಅವಸರದ ಮೊದಲ ಹೊದಿಕೆ

ಮೊದಲ ಹೊದಿಕೆ 206 ದಿನಗಳಲ್ಲಿ ಎದ್ದು ನಿಂತಿತು. ಅದೇ ಸಾರ್ಕೊಫಾಗಸ್. 1986ರ ನವೆಂಬರಿಗೆ ಕೆಲಸ ಮುಗಿದಾಗ ಸುಮಾರು 4 ಲಕ್ಷ ಘನ ಮೀಟರ್ ಕಾಂಕ್ರೀಟ್, 7,000 ಟನ್‌ಗೂ ಹೆಚ್ಚು ಉಕ್ಕು ಸುರಿದಾಗಿತ್ತು. ಆ ಪರಿಸ್ಥಿತಿಯಲ್ಲಿ ಅದನ್ನು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಕಟ್ಟಡವಾಗಿ ನೋಡಿದರೆ ಅದು ಹೆದರಿಕೆ ಹುಟ್ಟಿಸುತ್ತದೆ.

ವಿಕಿರಣ ಅಷ್ಟು ಜಾಸ್ತಿ ಇದ್ದಾಗ ಜನ ಮೇಲೆ ಹತ್ತಿ ಕೆಲಸ ಮಾಡುವ ಹಾಗಿರಲಿಲ್ಲ. ದೊಡ್ಡ ತೊಲೆಗಳನ್ನು ದೂರದಿಂದ ಕ್ರೇನ್‌ನಲ್ಲಿ ಎತ್ತಿ ಇಟ್ಟರು. ಎಷ್ಟೋ ಕಡೆ ವೆಲ್ಡಿಂಗ್ ಇಲ್ಲ, ಬೋಲ್ಟ್ ಇಲ್ಲ. ತೊಲೆಗಳು ತಮ್ಮ ತೂಕದಿಂದಲೇ ಕೂತಿವೆ. ಕೂತಿರುವುದಾದರೂ ಯಾವುದರ ಮೇಲೆ? ಸ್ಫೋಟದಲ್ಲಿ ಅಲುಗಾಡಿದ, ಬೆಂಕಿಯಲ್ಲಿ ಬೆಂದ ಹಳೆಯ ಗೋಡೆಗಳ ಮೇಲೆ. ಆ ಗೋಡೆಗಳಿಗೆ ಎಷ್ಟು ತಾಕತ್ತು ಉಳಿದಿದೆ ಎಂದು ಹತ್ತಿರ ಹೋಗಿ ಅಳೆಯಲು ಆಗ ಯಾರಿಂದಲೂ ಆಗಲಿಲ್ಲ. ಸೂರಿನ ಸಂದುಗಳನ್ನೆಲ್ಲ ಕೂಡಿಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತಿತ್ತು. ಮಳೆ, ಹಿಮ, ಹಕ್ಕಿ ಎಲ್ಲವೂ ಒಳಗೆ ಬರುತ್ತಿದ್ದವು. ಇಪ್ಪತ್ತು ಮೂವತ್ತು ವರ್ಷ ತಡೆದರೆ ಸಾಕು ಅನ್ನುವುದು ಕಟ್ಟಿದವರ ಲೆಕ್ಕ.

ಇನ್ನೊಂದು ವಿಷಯ ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಇದೇ ಕಟ್ಟಡಕ್ಕೆ ಅಂಟಿಕೊಂಡಿದ್ದ ಮೂರನೇ ಘಟಕ 2000ದ ಡಿಸೆಂಬರ್ 15ರ ತನಕ ಕರೆಂಟ್ ಉತ್ಪಾದಿಸುತ್ತಲೇ ಇತ್ತು. ಗೋಡೆಯ ಆಚೆ ಸಾರ್ಕೊಫಾಗಸ್, ಈಚೆ ದಿನನಿತ್ಯದ ಡ್ಯೂಟಿ!

ಪಶ್ಚಿಮದ ಗೋಡೆ ಕುಸಿದರೆ ಸೂರೂ ಕುಸಿಯುತ್ತದೆ, ಧೂಳಿನ ಮೋಡ ಏಳುತ್ತದೆ ಎಂಬ ಭಯ ಮೊದಲಿನಿಂದಲೂ ಇತ್ತು. 2008ರ ಹೊತ್ತಿಗೆ ಆ ಪಕ್ಕದಲ್ಲಿ ಎತ್ತರದ ಹಳದಿ ಉಕ್ಕಿನ ಚೌಕಟ್ಟು ನಿಲ್ಲಿಸಿ, ಸೂರಿನ ಭಾರದ ದೊಡ್ಡ ಪಾಲನ್ನು ಅದರ ಮೇಲೆ ಹಾಕಿದರು. ಇದರಿಂದ ಇನ್ನು 15 ವರ್ಷ ಸಿಕ್ಕಿತು ಅಂದುಕೊಂಡರು. 2013ರ ಫೆಬ್ರವರಿಯಲ್ಲಿ ಪಕ್ಕದ ಟರ್ಬೈನ್ ಹಾಲ್‌ನ ಸೂರು ಹಿಮದ ಭಾರಕ್ಕೆ ಸುಮಾರು 600 ಚದರ ಮೀಟರಿನಷ್ಟು ಕುಸಿಯಿತು. ಬಿದ್ದದ್ದು ಸಾರ್ಕೊಫಾಗಸ್ ಅಲ್ಲ, ಅದರ ಪಕ್ಕದ್ದು. ಆದರೂ ಹೊಸ ಕಮಾನು ಕಟ್ಟುತ್ತಿದ್ದ ಕೆಲಸಗಾರರನ್ನು ಅವತ್ತು ಮುನ್ನೆಚ್ಚರಿಕೆಯಾಗಿ ಅಲ್ಲಿಂದ ಕಳಿಸಿದರು.

ಜಾರಿ ಬಂದ ಕಮಾನು

ಹೊಸ ಹೊದಿಕೆಯ ಯೋಜನೆ ಶುರುವಾದದ್ದು 1997ರಲ್ಲಿ. ಜಿ-7 ದೇಶಗಳು ಮುಂದೆ ಬಂದವು, 40ಕ್ಕೂ ಹೆಚ್ಚು ದೇಶಗಳು ದುಡ್ಡು ಹಾಕಿದವು. ಪುನರ್‌ನಿರ್ಮಾಣ ಮತ್ತು ಅಭಿವೃದ್ಧಿಯ ಯುರೋಪಿಯನ್ ಬ್ಯಾಂಕ್ ಲೆಕ್ಕ ನೋಡಿಕೊಂಡಿತು. ಫ್ರಾನ್ಸಿನ ವಿನ್ಸಿ ಮತ್ತು ಬೂಯಿಗ್ ಕಂಪನಿಗಳು ಸೇರಿ ಕಟ್ಟಿದವು. ಕಮಾನಿಗೆ ಬಿದ್ದ ಖರ್ಚು ಸುಮಾರು 150 ಕೋಟಿ ಯೂರೋ.

ರಿಯಾಕ್ಟರಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಕೆಲವು ನೂರು ಮೀಟರ್ ಆಚೆ ನೆಲ ಸ್ವಚ್ಛ ಮಾಡಿ, ಅಲ್ಲಿ ಕಮಾನನ್ನು ಎರಡು ಭಾಗವಾಗಿ ಜೋಡಿಸಿದರು. ಆಮೇಲೆ ಎರಡನ್ನೂ ಕೂಡಿಸಿ ಒಟ್ಟಾಗಿ ತಳ್ಳಿದರು. 257 ಮೀಟರ್ ಅಗಲ, 162 ಮೀಟರ್ ಉದ್ದ, 108 ಮೀಟರ್ ಎತ್ತರ. ಯಂತ್ರಗಳೂ ಸೇರಿ ತೂಕ 36,000 ಟನ್. 224 ಹೈಡ್ರಾಲಿಕ್ ಜ್ಯಾಕ್‌ಗಳು ಒಂದೊಂದು ಸಲಕ್ಕೆ 60 ಸೆಂಟಿಮೀಟರಿನಂತೆ ನೂಕಿ ಅದನ್ನು 327 ಮೀಟರ್ ಸರಿಸಿದವು. 2016ರ ನವೆಂಬರಿನ ಎರಡು ವಾರದಲ್ಲಿ ಇದು ಮುಗಿಯಿತು. ಅಡ್ಡ ಬರುತ್ತಿದ್ದ ಹಳೆಯ ದೊಡ್ಡ ಚಿಮಣಿಯನ್ನು 2013ರಲ್ಲೇ ಕೆಡವಿದ್ದರು. 2019ರ ಜುಲೈನಲ್ಲಿ ಕಮಾನನ್ನು ಉಕ್ರೇನಿಗೆ ಒಪ್ಪಿಸಿದರು. 100 ವರ್ಷ ಬಾಳಬೇಕು ಅನ್ನುವುದು ಒಪ್ಪಂದ.

ನೂರು ವರ್ಷ ಅನ್ನುವುದು ಉಕ್ಕಿಗೆ ದೊಡ್ಡ ಮಾತು. ಪ್ಯಾರಿಸ್‌ನ ಐಫೆಲ್ ಟವರಿಗೆ ಸುಮಾರು ಏಳು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ, ತುಕ್ಕು ಹಿಡಿಯದಿರಲಿ ಎಂದು. ಇಲ್ಲಿ ಆ ದಾರಿ ಇಲ್ಲ. ಒಮ್ಮೆ ರಿಯಾಕ್ಟರಿನ ಮೇಲೆ ಕೂತ ಮೇಲೆ ಒಳಗಿನ ಕೊಳವೆಗಳಿಗೆ ಬ್ರಷ್ ಹಿಡಿದು ಹೋಗುವವರು ಯಾರು?

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯವೇ ಕಮಾನಿನ ಜೀವ. ಕಮಾನಿಗೆ ಎರಡು ಚರ್ಮಗಳಿವೆ, ಹೊರಗೊಂದು, ಒಳಗೊಂದು. ನಡುವೆ ಸುಮಾರು 12 ಮೀಟರ್ ಜಾಗ, ಭಾರ ಹೊರುವ ಉಕ್ಕಿನ ಚೌಕಟ್ಟೆಲ್ಲ ಆ ಜಾಗದಲ್ಲಿದೆ. ಅಲ್ಲಿಗೆ ಒಣಗಿಸಿದ ಗಾಳಿಯನ್ನು ಸದಾ ಊದುತ್ತಾರೆ. ತೇವಾಂಶ ಶೇ 40ಕ್ಕಿಂತ ಕೆಳಗೆ ಇದ್ದರೆ ಉಕ್ಕು ತುಕ್ಕು ಹಿಡಿಯುವುದಿಲ್ಲ. ಬಣ್ಣದ ಕೆಲಸವನ್ನು ಇಲ್ಲಿ ಒಣ ಗಾಳಿ ಮಾಡುತ್ತದೆ.

ಅದೇ ಗಾಳಿಗೆ ಇನ್ನೊಂದು ಕೆಲಸವೂ ಇದೆ. ಎರಡು ಚರ್ಮಗಳ ನಡುವಿನ ಒತ್ತಡವನ್ನು ಸುತ್ತಲಿಗಿಂತ ಒಂಚೂರು ಜಾಸ್ತಿ ಇಡುತ್ತಾರೆ. ರಿಯಾಕ್ಟರ್ ಇರುವ ಒಳ ಅಂಗಳದ ಒತ್ತಡವನ್ನು ಹೊರಗಿಗಿಂತ ಒಂಚೂರು ಕಡಿಮೆ ಇಡುತ್ತಾರೆ. ಎಲ್ಲೋ ಸಣ್ಣ ಸಂದು ಬಿಟ್ಟರೂ ಗಾಳಿ ಒಳಗಡೆಗೇ ನುಗ್ಗುತ್ತದೆ, ಧೂಳು ಹೊತ್ತ ಗಾಳಿ ಹೊರಗೆ ಬರುವುದಿಲ್ಲ. ಒಳಗಿನ ಗಾಳಿಯನ್ನು ಫಿಲ್ಟರುಗಳ ಮೂಲಕವೇ ಹೊರಬಿಡುತ್ತಾರೆ. ಹಳೆಯ ಕಟ್ಟಡಕ್ಕೆ ಕಮಾನು ತಾಗುವ ಕಡೆಗಳಲ್ಲಿ ಬಾಗುವ ಹಾಳೆಗಳಿಂದ ಸಂದು ಮುಚ್ಚಿದ್ದಾರೆ.

ಇದಕ್ಕೆಲ್ಲ ಕರೆಂಟ್ ಬೇಕು ಅನ್ನುವುದನ್ನು ಮರೆಯಬಾರದು. 2022ರ ಫೆಬ್ರವರಿ 24ರಂದು ರಷ್ಯಾ ಸೇನೆ ಸ್ಥಾವರವನ್ನು ಹಿಡಿಯಿತು. ಮಾರ್ಚ್ ಕೊನೆಯ ತನಕ ಅಲ್ಲೇ ಇತ್ತು. ನಡುವೆ ಕೆಲವು ದಿನ ಹೊರಗಿನ ಕರೆಂಟ್ ಕಡಿದುಹೋಗಿ ಜನರೇಟರುಗಳೇ ಗತಿಯಾದವು. 2025ರ ಅಕ್ಟೋಬರ್ 1ರಂದು ಸ್ಲಾವುಟಿಚ್ ಊರಿನ ಸಬ್‌ಸ್ಟೇಷನ್‌ಗೆ ಪೆಟ್ಟು ಬಿದ್ದು ಮತ್ತೆ ಕೆಲವು ಗಂಟೆ ಕಮಾನಿಗೆ ಕರೆಂಟ್ ಇರಲಿಲ್ಲ.

ಕೈಗಾದ ಗುಮ್ಮಟ ಬೇರೆ, ಇದು ಬೇರೆ

ನಮ್ಮ ಉತ್ತರ ಕನ್ನಡದ ಕೈಗಾದಲ್ಲೂ ರಿಯಾಕ್ಟರಿನ ಮೇಲೆ ಎರಡು ಪದರದ ಹೊದಿಕೆ ಇದೆ. ಎರಡೂ ಒಂದೇ ಥರ ಅಂದುಕೊಳ್ಳಬಾರದು. ಕೈಗಾದ್ದು ದಪ್ಪ ಕಾಂಕ್ರೀಟ್. ಅಪಘಾತ ಆದರೆ ಒಳಗೆ ಏಳುವ ಹಬೆಯ ಒತ್ತಡವನ್ನು ತಾಳಿಕೊಳ್ಳಲೆಂದೇ ಮೊದಲೇ ಕಟ್ಟಿದ್ದು. ಅಲ್ಲಿ ಎರಡು ಪದರಗಳ ನಡುವಿನ ಒತ್ತಡವನ್ನು ಕಡಿಮೆ ಇಡುತ್ತಾರೆ. ಒಳಗಿನಿಂದ ಏನಾದರೂ ಸೋರಿದರೆ ಆ ಸಂದಿನಲ್ಲೇ ಸಿಕ್ಕಿಬೀಳಲಿ ಅನ್ನುವುದು ಉದ್ದೇಶ. ಚೆರ್ನೋಬಿಲ್‌ನಲ್ಲಿ ಇದಕ್ಕೆ ಉಲ್ಟಾ, ನಡುವಿನ ಜಾಗದಲ್ಲೇ ಒತ್ತಡ ಜಾಸ್ತಿ. ಅಲ್ಲಿ ಇನ್ನು ಸಿಡಿಯುವುದೇನೂ ಉಳಿದಿಲ್ಲ, ತಡೆಯಬೇಕಾಗಿರುವುದು ಧೂಳು ಮತ್ತು ತುಕ್ಕು. ಚೆರ್ನೋಬಿಲ್ ಮಾದರಿಯ ರಿಯಾಕ್ಟರಿಗೆ ಕೈಗಾದಂಥ ಪೂರ್ತಿ ಹೊದಿಕೆ ಮೊದಲು ಇರಲೇ ಇಲ್ಲ.

ಕೈಗಾದ ಗುಮ್ಮಟಕ್ಕೂ ಒಂದು ಚರಿತ್ರೆ ಇದೆ. 1994ರ ಮೇ 13ರಂದು, ಮೊದಲ ಘಟಕ ಇನ್ನೂ ಕಟ್ಟುತ್ತಿದ್ದಾಗ, ಒಳಗುಮ್ಮಟದ ಕೆಳಪದರದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆ ಏಳಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಒಂದನೇ ಎರಡನೇ ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು.

ಮಳೆ ನಿಂತದ್ದರಿಂದ ಬಂದ ತಲೆನೋವು

ಕಮಾನು ಮುಚ್ಚಿದ ಮೇಲೆ ಸಾರ್ಕೊಫಾಗಸ್‌ಗೆ ಮಳೆ ಬೀಳುವುದು ನಿಂತಿತು. ಒಳ್ಳೆಯದೇ. ಆದರೆ ಕೆಳಗಿನ ಕೆಲವು ಕೋಣೆಗಳಲ್ಲಿ ನ್ಯೂಟ್ರಾನ್ ಎಣಿಕೆ, ಅಂದರೆ ಪರಮಾಣುಗಳು ಎಷ್ಟು ಒಡೆಯುತ್ತಿವೆ ಅನ್ನುವುದರ ಸುಳಿವು, ನಿಧಾನವಾಗಿ ಏರತೊಡಗಿತು. 305/2 ಎಂಬ ಕೋಣೆಯಲ್ಲಿ ನಾಲ್ಕು ವರ್ಷದಲ್ಲಿ ಅದು ಹೆಚ್ಚೂಕಡಿಮೆ ಎರಡರಷ್ಟಾಗಿದೆ ಎಂದು 2021ರಲ್ಲಿ ವರದಿಯಾಯಿತು. ಮಳೆ ನಿಂತರೆ ನ್ಯೂಟ್ರಾನ್ ಯಾಕೆ ಹೆಚ್ಚಬೇಕು?

ಯುರೇನಿಯಂ ಪರಮಾಣು ಒಡೆದಾಗ ನ್ಯೂಟ್ರಾನ್‌ಗಳು ವೇಗವಾಗಿ ಹಾರುತ್ತವೆ. ನೀರು ಅವುಗಳ ವೇಗ ತಗ್ಗಿಸುತ್ತದೆ. ನಿಧಾನವಾದ ನ್ಯೂಟ್ರಾನ್‌ಗೆ ಇನ್ನೊಂದು ಪರಮಾಣುವನ್ನು ಒಡೆಯುವ ಅವಕಾಶ ಜಾಸ್ತಿ. ಅದೇ ನೀರು ಅತಿಯಾದರೆ ನ್ಯೂಟ್ರಾನ್‌ಗಳನ್ನು ನುಂಗಲು ಶುರು ಮಾಡುತ್ತದೆ. ಅನ್ನಕ್ಕೆ ನೀರು ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ಅಕ್ಕಿ, ನಡುವೆ ಎಲ್ಲೋ ಒಂದು ಹದದಲ್ಲಿ ಮಾತ್ರ ಅನ್ನ. ಇಲ್ಲಿ ಆ ಹದ ಬರಬಾರದು ಅನ್ನುವುದೇ ಆಸೆ. ಹಿಂದೆ ಕೆಲವು ಕೋಣೆಗಳಲ್ಲಿ ನೀರು ಅತಿಯಾಗಿತ್ತು. ಒಣಗುತ್ತಾ ಬಂದಾಗ ಆ ಹದದ ಕಡೆಗೆ ಸರಿಯುತ್ತದೆ. ಇನ್ನೂ ಒಣಗಿದರೆ ಅದನ್ನೂ ದಾಟಿ ಸುರಕ್ಷಿತ ಕಡೆಗೆ ಹೋಗಬೇಕು.

ಇನ್ನೊಂದು 1986 ಆಗುತ್ತದೆ ಎಂದು ಆಗ ಕೆಲವು ಶೀರ್ಷಿಕೆಗಳು ಹೆದರಿಸಿದವು. ಅದು ಅತಿಯಾಯಿತು. ಆಗಬಹುದಾದ್ದರಲ್ಲಿ ಕೆಟ್ಟದ್ದು ಅಂದರೆ, ಯಾರೂ ಹೋಗಲಾಗದ ಕೋಣೆಯಲ್ಲಿ ಸಣ್ಣ ಮಟ್ಟದ ಸರಪಳಿ ಕ್ರಿಯೆ ಎದ್ದು, ಬಿಸಿಯಾಗಿ, ಧೂಳು ಎಬ್ಬಿಸುವುದು. ಅದನ್ನು ಹಿಡಿದಿಡಲೂ ಕಮಾನು ಇದೆ. ಔಷಧವೂ ಇದೆ. ಗ್ಯಾಡೋಲಿನಿಯಂ ನೈಟ್ರೇಟ್ ದ್ರಾವಣ ನ್ಯೂಟ್ರಾನ್‌ಗಳನ್ನು ಗಬಗಬನೆ ನುಂಗುತ್ತದೆ. 1990ರ ಜೂನ್‌ನಲ್ಲಿ ದೊಡ್ಡ ಮಳೆಯಾದ ಮೇಲೆ ಎಣಿಕೆ ಏರಿದಾಗ ವಿಜ್ಞಾನಿಯೊಬ್ಬರು ಒಳಗೆ ನುಗ್ಗಿ ಅದನ್ನು ಸಿಂಪಡಿಸಿ ಬಂದಿದ್ದರು. ಆದರೆ ಎಲ್ಲ ಕೋಣೆಗಳಿಗೂ ಅದು ತಲುಪುವುದಿಲ್ಲ ಅನ್ನುವುದು ಈಗಿನ ತೊಡಕು.

ತೂತು

ಈಗ ಡ್ರೋನ್ ವಿಷಯಕ್ಕೆ ಬರೋಣ. ಅದು ಹೊಡೆದದ್ದು ಸೂರಿನ ಉತ್ತರದ ಕಡೆ. ಹೊರಚರ್ಮದಲ್ಲಿ ಸುಮಾರು 15 ಚದರ ಮೀಟರ್ ತೂತಾಯಿತು, ಒಳಚರ್ಮಕ್ಕೂ ಪೆಟ್ಟು ಬಿತ್ತು. ಆದರೆ ಜಾಸ್ತಿ ಹಾಳು ಮಾಡಿದ್ದು ಆಮೇಲಿನ ಬೆಂಕಿ. ಹೊರತಗಡಿನ ಒಳಗಡೆ ನೀರು, ಗಾಳಿ ತಡೆಯುವ ಪದರಗಳಿವೆ. ಅವು ಉರಿಯದೆ, ಬರೀ ಒಳಗೊಳಗೇ ಬೇಯುತ್ತಾ ಹರಡಿದವು. ಎಲ್ಲಿ ಬೇಯುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಬೆಂಕಿ ಆರಿಸುವವರು ಸೂರಿನ ಮೇಲೆ ಹಗ್ಗ ಕಟ್ಟಿಕೊಂಡು, ತಗಡು ಕತ್ತರಿಸಿ ಕತ್ತರಿಸಿ ನೀರು ಹಾಯಿಸಬೇಕಾಯಿತು. ಪೂರ್ತಿ ಆರಲು ಸುಮಾರು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅವರೇ ಕೊರೆದ ಸಣ್ಣ ಕಿಂಡಿಗಳ ಸಂಖ್ಯೆ 330ರ ಹತ್ತಿರ ಬಂದಿತ್ತು. ಬೇರೆ ದಾರಿ ಇರಲಿಲ್ಲ.

ಮೊದಲಿನ ಗೊಂದಲ ಇಲ್ಲಿ ಬಿಡಿಸಿಕೊಳ್ಳುತ್ತದೆ. ಡ್ರೋನ್ ಸಾರ್ಕೊಫಾಗಸ್‌ಗೆ ತಾಗಲಿಲ್ಲ, ಒಳಗಿನ ಧೂಳು ಕದಲಲಿಲ್ಲ. ಹಾಗಾಗಿ ಹೊರಗಿನ ಮಾಪಕಗಳಲ್ಲಿ ಏನೂ ಏರಲಿಲ್ಲ. ಆದರೆ ನೂರಾರು ಕಿಂಡಿಗಳಿರುವ ಚರ್ಮದೊಳಗೆ ಒತ್ತಡ ನಿಲ್ಲುವುದಿಲ್ಲ. ಒತ್ತಡ ಇಲ್ಲದಿದ್ದರೆ, ನಾಳೆ ಒಳಗೆ ಏನಾದರೂ ಕುಸಿದಾಗ ಏಳುವ ಧೂಳನ್ನು ತಡೆಯುವ ಗ್ಯಾರಂಟಿ ಇಲ್ಲ. ತೇವವೂ ಒಳಗೆ ಬರುತ್ತದೆ. ನೂರು ವರ್ಷ ಬಾಳಬೇಕಾದ ಉಕ್ಕು ಈಗ ಉಕ್ರೇನಿನ ಮಳೆ, ಹಿಮದ ಗಾಳಿಗೆ ತೆರೆದುಕೊಂಡಿದೆ. ಭಾರ ಹೊರುವ ಚೌಕಟ್ಟಿಗೆ ಶಾಶ್ವತ ಹಾನಿಯಾಗಿಲ್ಲ, ಮಾಪಕಗಳೂ ಸರಿಯಿವೆ ಎಂದು ಅಣುಶಕ್ತಿ ಸಂಸ್ಥೆ ಹೇಳಿದೆ. ಸೂರಿನ ಮೇಲೆ ಒಂದಷ್ಟು ತಾತ್ಕಾಲಿಕ ರಿಪೇರಿ ಆಗಿದೆ. ಆದರೆ ತುಕ್ಕು ಇನ್ನಷ್ಟು ಹೆಚ್ಚುವ ಮೊದಲು ಪೂರ್ತಿ ದುರಸ್ತಿ ಆಗಲೇಬೇಕು ಅನ್ನುವುದು ಅದರ ಒತ್ತಾಯ.

ಯುದ್ಧದ ನಡುವೆ, ವಿಕಿರಣ ಇರುವ ಜಾಗದಲ್ಲಿ, ನೂರು ಮೀಟರ್ ಎತ್ತರದಲ್ಲಿ ತಗಡಿನ ಕೆಲಸ. ಆ ಕಮಾನನ್ನು ದೂರದಲ್ಲಿ ಜೋಡಿಸಿ ತಳ್ಳಿದ್ದೇ ಇಂಥ ಕೆಲಸ ತಪ್ಪಿಸಲು. ಈಗ ಅದನ್ನು ವಾಪಸ್ ಎಳೆದು ರಿಪೇರಿ ಮಾಡುವುದು ಸುಲಭವಲ್ಲ. ಮಾಡಿದರೆ ಸಾರ್ಕೊಫಾಗಸ್ ಬೆತ್ತಲಾಗುತ್ತದೆ.

ಅವಸರಕ್ಕೆ ಇನ್ನೊಂದು ಕಾರಣವಿದೆ, ನನ್ನ ಪ್ರಕಾರ ಅದೇ ದೊಡ್ಡದು. ಕಮಾನು ಕಟ್ಟಿದ್ದು ಸುಮ್ನೆ ಮುಚ್ಚಿಡಲಿಕ್ಕಲ್ಲ, ಅದರ ಕೆಳಗೆ ಸಾರ್ಕೊಫಾಗಸನ್ನು ಬಿಚ್ಚಲಿಕ್ಕೆ. ಅದಕ್ಕೆಂದೇ ಸೂರಿನಿಂದ ತಲಾ 50 ಟನ್ ಎತ್ತುವ ಎರಡು ಕ್ರೇನ್‌ಗಳನ್ನು ತೂಗುಹಾಕಿದ್ದಾರೆ. ಅವನ್ನು ದೂರದಿಂದಲೇ ನಡೆಸಬಹುದು. 2008ರಲ್ಲಿ ಸಿಕ್ಕ 15 ವರ್ಷ 2023ಕ್ಕೆ ಮುಗಿಯಿತು. ಅಸ್ಥಿರ ಭಾಗಗಳನ್ನು ಬಿಚ್ಚುವ ಗಡುವನ್ನು 2029ಕ್ಕೆ ಮುಂದೂಡಿದರು. 1986ರ ತೊಲೆಗಳನ್ನು ಕತ್ತರಿಸಿ ಎತ್ತುವಾಗ ಧೂಳು ಏಳುವುದು ಖಂಡಿತ. ಹಾಗಾಗಿ ಮೇಲಿನ ಹೊದಿಕೆ ಗಾಳಿ ಸೋರದ ಹಾಗೆ ಆಗುವ ತನಕ ಆ ಕೆಲಸ ಶುರು ಮಾಡುವ ಹಾಗಿಲ್ಲ. ಡ್ರೋನ್ ಬಡಿದದ್ದೂ ಆ ಕ್ರೇನ್‌ಗಳನ್ನು ರಿಪೇರಿಗೆ ನಿಲ್ಲಿಸುವ ಗ್ಯಾರೇಜಿನ ಹತ್ತಿರವೇ. ಕೆಳಗಿನ ಲಾವಾ ಹೊರತೆಗೆಯುವ ಮಾತು ಅದಕ್ಕೂ ಎಷ್ಟೋ ಮುಂದಿನದು. ತೆಗೆದರೂ ಅದನ್ನು ಸಾವಿರಾರು ವರ್ಷ ಇಡಲು ನೆಲದಾಳದ ಕೊಠಡಿಯನ್ನು ಉಕ್ರೇನ್ ಇನ್ನೂ ಕಟ್ಟಿಲ್ಲ.